ತೆಲುಗು ಬಾರದ ನರ್ಸಮ್ಮ

ಬಚ್ಚಮ್ಮ ಇವತ್ತು ಬಾರದಿದ್ದರೆ ಸಾಕು ಎಂದು ಸುನಂದ ಬಸ್ಸಿನಲ್ಲಿ ಕೂತಿದ್ದಾಗ ಅಂದುಕೊಂಡಳು. ಇಳಿದು ನಡೆಯತೊಡಗಿದ ಮೇಲೆ, ಬರಲಿ, ಬಂದು ಒಂದೇ ಸಲಕ್ಕೆ ಮುಗಿದುಹೋಗಲಿ ಎಂದುಕೊಂಡಳು. ಎರಡರಲ್ಲಿ ತನಗೆ ನಿಜವಾಗಿ ಬೇಕಾದದ್ದು ಯಾವುದು ಎಂದು ಕೇಳಿಕೊಂಡರೆ ಉತ್ತರ ಬರಲಿಲ್ಲ. ಒಂದೂವರೆ ತಿಂಗಳಿಂದ ಹೀಗೇ ಆಗಿದೆ. ಒಳಗೆ ಏನನ್ನು ಕೇಳಿದರೂ ಓ ಎನ್ನುವವರಿಲ್ಲ. ಲಸಿಕೆಯ ನೀಲಿ ಡಬ್ಬದ ಪಟ್ಟಿ ಹೆಗಲಿಗೆ ಒತ್ತುತ್ತಿತ್ತು. ಒತ್ತುತ್ತಿದೆ ಎಂಬುದು ಗೊತ್ತಾಗುತ್ತಿತ್ತು, ನೋವಾಗುತ್ತಿರಲಿಲ್ಲ. ಶ್ರೀನಿವಾಸಪುರದಿಂದ ಹನ್ನೆರಡು ಕಿಲೋಮೀಟರ್ ದೂರದ ಗೊಲ್ಲಹುಣಸೆಪಲ್ಲಿಯ ಸಬ್‌ಸೆಂಟರಿಗೆ ಅವಳು ಒಂಬತ್ತು ವರ್ಷದಿಂದ ನರ್ಸು, ಊರಿನವರ ಬಾಯಲ್ಲಿ ನರ್ಸಮ್ಮ. ಬಸುರಿಯರ ತೂಕ, ಬಿ.ಪಿ., ಮಕ್ಕಳ ಸೂಜಿ, ಕಬ್ಬಿಣದ ಕೆಂಪು ಮಾತ್ರೆ, ಎಲ್ಲವೂ ಆ ಎರಡು ಕೋಣೆಗಳಲ್ಲಿ, ಗುರುವಾರ ಬಂತೆಂದರೆ. ದಾರಿಯ ಎರಡೂ ಕಡೆ ತೋಟಗಳಲ್ಲಿ ಮಾವಿನಕಾಯಿ ಇಳಿಸುತ್ತಿದ್ದರು. ಯಾರೋ ಮರದ ಮೇಲಿನಿಂದ "ನಮಸ್ಕಾರ ನರ್ಸಮ್ಮ" ಎಂದರು. ತಲೆ ಎತ್ತಿದರೆ ಎಲೆಗಳ ನಡುವೆ ಎರಡು ಕಾಲು ಮಾತ್ರ ಕಂಡವು. ಆ ಕಾಲುಗಳಿಗೇ ನಮಸ್ಕಾರ ಹೇಳಿ ಮುಂದೆ ನಡೆದಳು.

ಅಂಜಮ್ಮ ಆಗಲೇ ಬಾಗಿಲು ತೆಗೆದು ಗುಡಿಸಿ ಬೆಂಚು ಒರೆಸುತ್ತಿದ್ದಳು. ಅವಳು ಊರಿನ ಆಶಾ ಕಾರ್ಯಕರ್ತೆ. ಯಾರು ಮುಟ್ಟು ನಿಂತವರು, ಯಾರು ಬಾಣಂತನಕ್ಕೆ ತವರಿಗೆ ಹೋದವರು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತದೆ. "ಬಚ್ಚಮ್ಮಂಗೆ ನೆನ್ನೆ ಸಾಯಂಕಾಲಾನೇ ಹೇಳ್ಬಂದೆ ಮೇಡಂ. ಮಗೂಗೆ ಒಂದೂವರೆ ತಿಂಗ್ಳು ತುಂಬ್ತು, ಸೂಜಿ ಹಾಕ್ಸ್ಬೇಕು, ಕಾರ್ಡ್ ಮಾತ್ರ ಮರೀಬೇಡಕ್ಕಾ ಅಂತ ಎರಡ್ ಸಲ ಹೇಳಿದೀನಿ" ಎಂದಳು. ಕಾರ್ಡ್ ಎನ್ನುವಾಗ ಅವಳ ದನಿ ಒಂದು ಮೆಟ್ಟಿಲು ಇಳಿಯಿತು. ಹಾಗಾದರೆ ಸೂಪರ್‌ವೈಸರ್ ಮೇಡಂ ಇವಳಿಗೂ ಫೋನ್ ಮಾಡಿದ್ದಾರೆ. ಸೂಪರ್‌ವೈಸರ್ ವೆಂಕಟಲಕ್ಷ್ಮಿ ಕೆಟ್ಟವರೇನಲ್ಲ. ಮೊನ್ನೆ ಸುನಂದಳನ್ನು ಪಕ್ಕಕ್ಕೆ ಕರೆದು, ಸ್ವಂತ ತಂಗಿಗೆ ಹೇಳುವ ಹಾಗೆ ಹೇಳಿದ್ದರು: "ಶನಿವಾರ ತಾಲ್ಲೂಕಲ್ಲಿ ಬಚ್ಚಮ್ಮನ ಸೊಸೆ ಅನಿತನ ಸಾವಿನ ವಿಚಾರಣೆ ಮೀಟಿಂಗು. ತಾಯಿ ಕಾರ್ಡು ನೋಡೇ ನೋಡ್ತಾರೆ. ನಾನವತ್ತು ಅವ್ರ ಮನೇಲಿ ನೋಡ್ದೆ, ಬಿ.ಪಿ. ಬರ್ದಿದೀಯ, ಸರಿ. ಅದರ ಪಕ್ಕ ಖಾಲಿ ಬಿಟ್ಟಿದೀಯಲ್ಲ, ಅಲ್ಲೊಂದು ಸಾಲು ಹಾಕು. ತಲೆ ಸುತ್ತು ಇದೆ, ದೊಡ್ಡಾಸ್ಪತ್ರೆಗೆ ಹೋಗಲು ತಿಳಿಸಿದೆ, ಮನೆಯವರು ಒಪ್ಪಲಿಲ್ಲ. ಅಷ್ಟೇ. ಅದೇ ಪೆನ್ನಲ್ಲಿ ಬರಿ." ಆಮೇಲೆ, "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೇ. ಸತ್ತೋಳು ವಾಪಸ್ ಬರ್ತಾಳಾ?" ಎಂದಿದ್ದರು. ಬರುವುದಿಲ್ಲ ಎಂದು ಸುನಂದ ತಲೆಯಾಡಿಸಿದ್ದಳು. ಅದು ಆ ಪ್ರಶ್ನೆಗೆ ಮಾತ್ರ ಕೊಟ್ಟ ಉತ್ತರವಾಗಿತ್ತು, ಆದರೆ ಮೇಡಂ ಎಲ್ಲದಕ್ಕೂ ಒಪ್ಪಿಗೆ ಸಿಕ್ಕಿತೆಂದು ಹೊರಟುಹೋದರು. ಈಗ ಆ ನೀಲಿ ಪೆನ್ನು ಅವಳ ಚೀಲದಲ್ಲಿದೆ. ರೀಫಿಲ್ ಮುಗಿಯಲು ಬಂದಿದೆಯೇ ಎಂದು ಬೆಳಿಗ್ಗೆ ಅಂಗೈಯ ಮೇಲೆ ಗೀಚಿ ನೋಡಿಕೊಂಡೇ ಮನೆ ಬಿಟ್ಟಿದ್ದಳು.

ಬೆಂಚಿನ ಆ ತುದಿಯಲ್ಲೇ ಅನಿತ ಕೂತಿದ್ದದ್ದು, ಮಾರ್ಚ್ ಕೊನೆಯ ಗುರುವಾರ. ಗಡಿಯಾಚೆಯ ಹುಡುಗಿ, ಇಪ್ಪತ್ತೊಂದು ವರ್ಷ, ಬಚ್ಚಮ್ಮನ ಮಗ ವೇಣುವನ್ನು ಮದುವೆಯಾಗಿ ಬಂದು ವರ್ಷ ತುಂಬಿತ್ತು, ಏಳು ತಿಂಗಳು ಮುಗಿದು ಎಂಟಕ್ಕೆ ಬಿದ್ದಿತ್ತು. ಅವತ್ತು ಇಪ್ಪತ್ತೆಂಟು ಜನ. ಶೀಟಿನ ಮಾಡು ಕಾದು ಕೋಣೆಯೊಳಗೆ ನಿಲ್ಲಲಾಗುತ್ತಿರಲಿಲ್ಲ. ಮಕ್ಕಳು ಒಂದು ಅಳು ನಿಲ್ಲಿಸಿದರೆ ಇನ್ನೊಂದು ಶುರು ಮಾಡುತ್ತಿದ್ದವು. ಅನಿತ ಎದ್ದು ಬಂದು ಮೇಜಿನ ಅಂಚು ಹಿಡಿದು ನಿಂತಳು. ಅವಳ ಕಾಲುಂಗುರಗಳು ಬೆರಳಿನ ಮಾಂಸದೊಳಗೆ ಹೂತಿದ್ದವು. ಸುನಂದ ಅದನ್ನು ನೋಡಿದಳು, ನೋಡಿದೆನೆಂಬುದು ಈಗಲೂ ಗೊತ್ತಿದೆ. ಹುಡುಗಿ ತಗ್ಗಿದ ದನಿಯಲ್ಲಿ, ತೆಲುಗಿನಲ್ಲಿ, "ಕಳ್ಳು ತಿರುಗುತುನ್ನಾಯಂಡಿ" ಎಂದಳು. ಕಣ್ಣು ತಿರುಗುತ್ತಿವೆ, ಅಂದರೆ ತಲೆ ಸುತ್ತುತ್ತಿದೆ ಎಂದು. ಈ ಊರಿನವರಾದರೆ ಕಣ್ಣಿಗೆ ಕಂಡ್ಲು ಎನ್ನುತ್ತಾರೆ. ಅನಿತಳೂ ಮನೆಯಲ್ಲಿ ಕಂಡ್ಲು ಎಂದೇ ಅನ್ನುತ್ತಿದ್ದಿರಬೇಕು. ನರ್ಸಮ್ಮ ಓದಿದವಳು, ಅವಳ ಮುಂದೆ ಪುಸ್ತಕದ ಮಾತು ಆಡಬೇಕು ಎಂದು ಮರ್ಯಾದೆಗೆ ಕಳ್ಳು ಎಂದಳು, ಕೊನೆಗೆ ಒಂದು 'ಅಂಡಿ' ಕೂಡ ಸೇರಿಸಿದಳು. ಕಂಡ್ಲು ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಸುನಂದ ರಿಜಿಸ್ಟರಿನಿಂದ ತಲೆ ಎತ್ತದೆ, "ಕಳ್ಳಾ? ಯಾವ ಈಚಲ ಮರದ್ದಮ್ಮ? ಬಸುರಿ ಹೆಂಗ್ಸು ಬೆಳಿಗ್ಗೇನೇ ಕಳ್ಳು ಏರಿಸ್ಕೊಂಡು ಬಂದ್ರೆ ತಿರುಗ್ದೆ ಇನ್ನೇನಾಗುತ್ತೆ?" ಎಂದಳು. ಬೆಂಚಿನ ತುಂಬ ನಗು. ಅಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿದ್ದವರೆಲ್ಲ ತೆಲುಗಿನವರೇ, ಅನಿತ ಏನು ಹೇಳಿದಳೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವರು ನಕ್ಕದ್ದು ನರ್ಸಮ್ಮನಿಗೆ ತೆಲುಗು ಬಾರದಿದ್ದುದಕ್ಕೆ. ಅನಿತಳೂ ಸ್ವಲ್ಪ ನಕ್ಕಳು. ಆಮೇಲೆ ಮೇಜಿನ ಅಂಚು ಬಿಟ್ಟು ಹೋಗಿ ಕೂತಳು.

ನರ್ಸಮ್ಮನಿಗೆ ತೆಲುಗು ಬರುತ್ತಿತ್ತು. ಬರುತ್ತಿತ್ತು ಎಂದರೆ ಏನು, ಅವಳ ಮೊದಲ ಅಳು ನಿಂತದ್ದೇ ತೆಲುಗಿನಲ್ಲಿ. ಮಾಸ್ತಿಯಲ್ಲಿ ಬೆಳೆದವಳಾದರೂ ತಾಯಿ ರಾಮಲಕ್ಷ್ಮಮ್ಮ ಮುಳಬಾಗಿಲು ಕಡೆಯವಳು, ಒಲೆಯ ಮುಂದೆ ಬೇರೆ ಭಾಷೆ ಗೊತ್ತಿಲ್ಲದವಳು. ಕೋಲಾರದಲ್ಲಿ ಟ್ರೈನಿಂಗಿಗೆ ಸೇರಿದ ಮೊದಲ ತಿಂಗಳು, ರೋಗಿಗೆ ಏನಾಗುತ್ತಿದೆ ಎಂದು ಟ್ಯೂಟರ್ ಕೇಳಿದಾಗ ಸುನಂದಳ ಬಾಯಿಂದ, ನೋವು ಎನ್ನುವಲ್ಲಿ, "ಹೊಟ್ಟೆ ನೊಪ್ಪಿ ಮೇಡಂ" ಎಂದು ಬಂದುಬಿಟ್ಟಿತು. ನಲವತ್ತು ಹುಡುಗಿಯರು ಒಟ್ಟಿಗೆ ನಕ್ಕರು. ಅವತ್ತಿನಿಂದ ಅವಳ ಹೆಸರೇ ನೊಪ್ಪಿ ಆಯಿತು. ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಹಿಂದಿನಿಂದ ಯಾರೋ ಮೆಲ್ಲಗೆ ನೊಪ್ಪಿ ಎನ್ನುತ್ತಿದ್ದರು, ಅವಳು ತಿರುಗದೆ ತಟ್ಟೆಯನ್ನೇ ನೋಡುತ್ತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಮ್ಮ ಹೇಳುತ್ತಿದ್ದದ್ದು ಬೇರೆ ಯಾವುದಕ್ಕೋ. ಆ ಭಾಷೆಯನ್ನು ಅವಳು ಮಡಿಸಿ ಒಳಗಿಟ್ಟಳು, ಇಲ್ಲಿಗೆ ಪೋಸ್ಟಿಂಗ್ ಆದಾಗಲೂ ಹೊರತೆಗೆಯಲಿಲ್ಲ. ಮಾಸ್ತಿಯವಳು, ಕನ್ನಡದವಳು ಎಂದು ಊರು ತೀರ್ಮಾನಿಸಿತು. ಅದರಲ್ಲಿ ಒಂದು ಅನುಕೂಲವೂ ಇತ್ತು: ಅವಳ ಎದುರಿಗೇ ಎಲ್ಲರೂ ಎಲ್ಲವನ್ನೂ ಮಾತಾಡುತ್ತಿದ್ದರು. ಈಯಮ್ಮನ ಕೈ ಒರಟು ಎಂದು, ಮದುವೆಯಾಗಿ ಇಷ್ಟು ವರ್ಷವಾದರೂ ಇವಳಿಗೇ ಮಕ್ಕಳಿಲ್ಲವಂತೆ ಎಂದು. ಅವಳು ಏನೂ ತಿಳಿಯದವಳ ಹಾಗೆ ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದಳು. ಅವತ್ತು ಅನಿತ ಕಳ್ಳು ಎಂದ ಕ್ಷಣದಲ್ಲಿ ಸುನಂದಳಿಗೆ ಮೊದಲು ಹೊಳೆದದ್ದು ಕಣ್ಣು, ಎರಡನೆಯದು ಹೆಂಡ. ಎರಡನೆಯದನ್ನು ಅವಳು ಆರಿಸಿಕೊಂಡಳು. ಯಾಕೆ ಎಂದರೆ, ಇಪ್ಪತ್ತೆಂಟು ಜನ ಒಟ್ಟಿಗೆ ನಗುತ್ತಾರೆ ಎಂದು ಗೊತ್ತಿತ್ತು, ಈ ಸಲ ನಗೆಗೆ ಸಿಕ್ಕಿಬೀಳುವವಳು ತಾನಲ್ಲ ಎಂದೂ ಗೊತ್ತಿತ್ತು.

ಆಮೇಲೆ ಬಿ.ಪಿ. ನೋಡುವ ಮಿಷನ್ನು. ಅದರ ಸೆಲ್ಲು ಹಿಂದಿನ ವಾರವೇ ಮುಗಿದಿತ್ತು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳಬೇಕು ಎಂದುಕೊಂಡು ಮರೆತಿದ್ದಳು, ಬಸ್ಸು ಬಂದುಬಿಟ್ಟಿತ್ತು. ಅವತ್ತು ಎಲ್ಲರಿಗೂ 110/70 ಎಂದು ಬರೆದಳು. ಎಲ್ಲರೂ ಬರೆಯುವುದು ಅದನ್ನೇ. ಅಂಕಿ ಕೂಡ ಕೈಗೆ ತಾನಾಗಿ ಬರುತ್ತದೆ, ಸಹಿ ಬಂದ ಹಾಗೆ. ಒಂದೇ ಸಮ ಬರೆದರೆ ಚೆನ್ನಾಗಿರುವುದಿಲ್ಲ ಎಂದು ನಡುನಡುವೆ ಇಬ್ಬರಿಗೆ 120/80 ಹಾಕಿದಳು. ಅನಿತಳಿಗೆ 110/70. "ಮುಂದಿನ ಸಲ ಇನ್ನ ಹದಿನೈದ್ ದಿನಕ್ಕೆ ಬರ್ಬೇಕು, ಗುರುವಾರ, ಗೊತ್ತಾಯ್ತಾ?" ಎಂದು ಕನ್ನಡದಲ್ಲಿ, ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದಳು. ಹುಡುಗಿ ತಲೆಯಾಡಿಸಿದಳು. ಆ ಗುರುವಾರಕ್ಕೆ ಎರಡು ದಿನ ಮೊದಲು, ಮಂಗಳವಾರ ಬೆಳಗಿನ ಜಾವ ಅವಳಿಗೆ ಫಿಟ್ಸ್ ಬಂತು. ಆಂಬುಲೆನ್ಸಿನಲ್ಲಿ ಮತ್ತೆ ಎರಡು ಸಲ ಬಂತು. ಆಪರೇಷನ್ ಮಾಡಿ ಮಗುವನ್ನು ತೆಗೆದರು. ತಾಯಿ ಎಚ್ಚರವಾಗಲಿಲ್ಲ. ಬಿ.ಪಿ. ಇನ್ನೂರು ಮುಟ್ಟಿತ್ತಂತೆ. ಸಾವಿನ ಮನೆಗೆ ಸುನಂದ ಹೋಗಿದ್ದಳು. ಜಗಲಿಯ ಮೇಲೆ ಕೂರಿಸಿ, ಬಂದವರಲ್ಲಿ ಮೊದಲು ಅವಳಿಗೇ ಕಾಫಿ ಕೊಟ್ಟರು. ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಅಳಬೇಕು ಎಂದು ಕಾದಳು, ಅಳು ಬರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಅನ್ನ ಬಡಿಸಿ ತಾನೂ ಉಂಡಳು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಸೆಲ್ಲು ಕೊಂಡಳು.

ಹನ್ನೊಂದರ ಹೊತ್ತಿಗೆ ಬಚ್ಚಮ್ಮ ಬಂದಳು. ಹಳೆಯ ಸೀರೆಯಲ್ಲಿ ಸುತ್ತಿದ ಮಗು ಎದೆಗೆ, ಪ್ಲಾಸ್ಟಿಕ್ ಚೀಲ ಮೊಣಕೈಗೆ. ಬೆಂಚಿನಲ್ಲಿದ್ದವರು ಸರಿದು ಜಾಗ ಕೊಟ್ಟರು. ಸರಿದದ್ದು ಸ್ವಲ್ಪ ಹೆಚ್ಚೇ ಆಯಿತು. ಪಕ್ಕದವಳೊಬ್ಬಳು ಮಗುವಿನ ಕೆನ್ನೆ ಮುಟ್ಟಿ, ಸೂಜಿ ಹಾಕಿಸಲು ಪೇಟೆಗೇ ಹೋಗಬಾರದೇ, ಇಲ್ಲಿಗೆ ಮತ್ತೆ ಯಾಕೆ ಬಂದೆ ಎಂದು ತೆಲುಗಿನಲ್ಲಿ ಕೇಳಿದಳು, ದನಿ ತಗ್ಗಿಸದೆ. ಬಚ್ಚಮ್ಮ ಕೂಡ ತೆಲುಗಿನಲ್ಲಿ, ದನಿ ತಗ್ಗಿಸದೆ, ಈಯಮ್ಮ ಒಳ್ಳೆಯವಳೇ, ಭಾಷೆ ಬರುವುದಿಲ್ಲ ಅಷ್ಟೇ ಎಂದಳು. ಸುನಂದ ಆಗ ಇನ್ನೊಂದು ಮಗುವಿನ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದಳು. ಒತ್ತಿ ಹಿಡಿದೇ ಇದ್ದಳು. "ಸಾಕು ಮೇಡಂ" ಎಂದು ಆ ಮಗುವಿನ ತಾಯಿ ಹೇಳಬೇಕಾಯಿತು.

ಹೆಸರು ಕರೆದಾಗ ಬಚ್ಚಮ್ಮ ಮೇಜಿನ ಪಕ್ಕದ ಸ್ಟೂಲಿಗೆ ಬಂದು ಕೂತಳು. ಮಗುವಿಗೆ ಇನ್ನೂ ಹೆಸರಿಲ್ಲ. ಅಂಜಮ್ಮ ಕೂಗಿದ್ದು "ಅನಿತ ಮಗು" ಎಂದೇ.

"ಹಾಲು ಏನ್ ಕೊಡ್ತಾ ಇದೀರಾ?" ಎಂದು ಸುನಂದ ಕೇಳಿದಳು.

"ಡಬ್ಬಿ ಪುಡೀನೇ ನರ್ಸಮ್ಮ. ಆಸ್ಪತ್ರೇಲಿ ಬರ್ಕೊಟ್ರಲ್ಲ, ಅದು. ರಾತ್ರೆಲ್ಲ ಏಳ್ತದೆ. ನಾನೂ ಏಳ್ತೀನಿ, ಏನ್ ಮಾಡೋದು. ವೇಣು ಟೆಂಪೋಗೆ ಹೋಗ್ತಾನೆ, ಮಾವಿನಕಾಯಿ ಸೀಸನ್ನು. ಮಗೂನ ಮುಖ ನೋಡಲ್ಲ ಅವ್ನು. ನೋಡ್ತಾನೆ, ಆಮೇಲೆ ಎದ್ದೋಗ್ತಾನೆ."

ತೂಕ ಎರಡು ಕೆಜಿ ಒಂಬೈನೂರು. ತಕ್ಕಡಿಯ ಜೋಲಿಯಲ್ಲಿ ಮಲಗಿದ ಹೆಣ್ಣುಮಗು ಕಣ್ಣು ಬಿಟ್ಟು ಸುನಂದಳನ್ನು ನೋಡಿತು, ಅಥವಾ ಅವಳ ಹಿಂದಿನ ಗೋಡೆಯನ್ನು. ಕಣ್ಣು ದೊಡ್ಡವು. ತಾಯಿಯವೋ ಎಂದು ನೆನೆಯಲು ಹೋದರೆ ಅನಿತಳ ಮುಖವೇ ಅವಳಿಗೆ ನೆನಪಾಗಲಿಲ್ಲ. ಕಾಲುಂಗುರ ಮಾತ್ರ ನೆನಪಾಯಿತು. ಬಾಯಿಗೆ ಹನಿ ಬಿಟ್ಟಳು. ತೊಡೆ ಒರೆಸಿ ಸೂಜಿ ಚುಚ್ಚಿದಳು. ಮಗು ಮೊದಲು ಬಾಯಿ ತೆರೆಯಿತು, ದನಿ ಆಮೇಲೆ ಬಂತು. ಬಚ್ಚಮ್ಮ ಎತ್ತಿಕೊಂಡು "ಊರಕೋ ತಲ್ಲೀ, ಊರಕೋ" ಎಂದು ಬೆನ್ನು ತಟ್ಟತೊಡಗಿದಳು. ಸುನಂದಳ ಅಮ್ಮ ಕೂಡ ಇದೇ ಎರಡು ಮಾತನ್ನು ಇದೇ ಎಳೆತದಲ್ಲಿ ಹೇಳುತ್ತಿದ್ದಳು, ಸುಮ್ಮನಿರು ತಾಯಿ ಎಂದು. ಅದು ಕಿವಿಗೆ ಬಿದ್ದರೂ ಸುನಂದ ಸೂಜಿಯನ್ನು ಡಬ್ಬಕ್ಕೆ ಹಾಕಿ ಕೈ ಒರೆಸಿಕೊಂಡಳು.

"ಕಾರ್ಡ್ ಕೊಡಿ" ಎಂದಳು.

ಬಚ್ಚಮ್ಮ ಒಂದು ಕೈಯಲ್ಲೇ ಚೀಲ ಬಿಚ್ಚಿದಳು. ಒಳಗೆ ಇನ್ನೊಂದು ಚೀಲ, ಅದರೊಳಗೆ ರವಿಕೆ ಬಟ್ಟೆ, ರವಿಕೆ ಬಟ್ಟೆಯೊಳಗೆ ತಾಯಿ ಕಾರ್ಡು. ಮೂಲೆಗೆ ಅರಿಸಿನ ಹತ್ತಿತ್ತು. "ಅವ್ಳ ಹೆಸ್ರು ಬರ್ದಿರೋದು ಅಂದ್ರೆ ನಮ್ಮನೇಲಿ ಇದೊಂದೇ ನರ್ಸಮ್ಮ. ರೇಷನ್ ಕಾರ್ಡಿಗೂ ಇನ್ನ ಸೇರಿಸಿರ್ಲಿಲ್ಲ" ಎಂದಳು. ಸುನಂದ ಮಗುವಿನ ಪುಟದಲ್ಲಿ ಇವತ್ತಿನ ತಾರೀಕು, ಹಾಕಿದ ಸೂಜಿ, ತೂಕ ಬರೆದಳು. ಆಮೇಲೆ ಹಿಂದಕ್ಕೆ ಮಗುಚಿದಳು. ಅಲ್ಲಿತ್ತು. ತಾರೀಕು, ತೂಕ, 110/70, ತನ್ನ ಅಕ್ಷರ. ಏಳು ಸ್ವಲ್ಪ ವಾಲಿದೆ. ಅದರ ಪಕ್ಕ ಎರಡು ಬೆರಳಗಲ ಖಾಲಿ. ಒಂದು ಸಾಲು ಎಂದರೆ ಎಷ್ಟು ಹೊತ್ತು. ಎದುರಿಗೆ ಕೂತವಳಿಗೆ ಓದು ಬಾರದು. ಬರೆದು ಮಡಿಸಿ, ಮೀಟಿಂಗಿಗೆ ಬೇಕು, ಆಮೇಲೆ ಕೊಡ್ತೀನಿ ಎಂದರೆ ಮುಗಿಯಿತು. ಶನಿವಾರ ಯಾರೋ ಓದುತ್ತಾರೆ, ಮನೆಯವರು ಒಪ್ಪಲಿಲ್ಲವಂತೆ, ಹಳ್ಳಿ ಜನ ನೋಡಿ ಎಂದು ತಲೆಯಾಡಿಸುತ್ತಾರೆ. ಇವಳನ್ನು, ರಾತ್ರಿಯೆಲ್ಲ ಏಳುವ ಈ ಹೆಂಗಸನ್ನು. ತಾನು ಮನುಷ್ಯಳೇ ಎಂದು ಸುನಂದ ತನ್ನನ್ನು ಕೇಳಿಕೊಂಡಳು. ಅದಕ್ಕೂ ಯಾರೂ ಓ ಎನ್ನಲಿಲ್ಲ. ಪೆನ್ನು ಇಳಿಯಿತು. ತಲೆ ಸುತ್ತು, ಎಂದು ಬರೆದಳು.

"ಅವತ್ತು ಮನೆಗ್ ಬಂದು ಅತ್ಲು" ಎಂದಳು ಬಚ್ಚಮ್ಮ. ಮಗು ಬಿಕ್ಕುವುದು ಕಡಿಮೆಯಾಗಿತ್ತು. ಇವಳು ಯಾರಿಗೂ ಅಲ್ಲದ ಹಾಗೆ, ಕಿಟಕಿಯ ಕಡೆ ನೋಡಿಕೊಂಡು ಮಾತಾಡುತ್ತಿದ್ದಳು. "ಎಲ್ಲ್ರ ಮುಂದೆ ಕುಡುಕಿ ಅಂದ್ರು ಅಂತ. ನಂಗೆ ರೇಗ್ಹೋಯ್ತು. ನಿಮ್ಮನ್ನ ಕೇಳೇಬಿಡೋಣ ಅಂತ ಸೆರಗು ಸಿಗಿಸ್ಕೊಂಡು ಹೊರಟಿದ್ದೆ. ಅವ್ಳೇ ಕೈ ಹಿಡ್ಕೊಂಡ್ಳು. ಬೇಡತ್ತಾ, ಪಾಪ ಆಯಮ್ಮಂಗೆ ತೆಲುಗು ಬರಲ್ಲ, ಬಂದಿದ್ರೆ ಹಂಗಂತಿರ್ಲಿಲ್ಲ, ನಂದೇ ತಪ್ಪು, ಕನ್ನಡದಲ್ಲಿ ಹೇಳ್ಬೇಕಿತ್ತು ಅಂದ್ಳು."

ಸುನಂದಳ ಪೆನ್ನು 'ಸುತ್ತು' ಎಂಬುದರ ಕೊನೆಯಲ್ಲೇ ನಿಂತಿತ್ತು. ಅಲ್ಲಿ ಒಂದು ಸಣ್ಣ ನೀಲಿ ಚುಕ್ಕೆ ದೊಡ್ಡದಾಗುತ್ತಿತ್ತು.

"ವೇಣು ಹತ್ರ ಕೇಳಿ ಕಲ್ತ್ಕೊಂಡ್ಳು. ಮುದ್ದೆ ತಿರುವ್ಬೇಕಾದ್ರೂ ಅದೇ, ಪಾತ್ರೆ ಉಜ್ಜ್ಬೇಕಾದ್ರೂ ಅದೇ. ತಲೆ ಸುತ್ತುತ್ತೆ ಮೇಡಂ. ಕಣ್ಣು ಮಂಜಾಗುತ್ತೆ ಮೇಡಂ. ಸ್ಕೂಲ್ ಮಕ್ಕಳು ಮಗ್ಗಿ ಹೇಳ್ದಂಗೆ. ಸರಿಯಾಗಿದ್ಯಾ ಅತ್ತಾ ಅಂತ ನನ್ನ ಕೇಳೋಳು, ನಂಗೇ ನೆಟ್ಟಗೆ ಬರಲ್ಲ. ಹಂಗಾದ್ರೆ ಇವತ್ತೇ ತೋರ್ಸೋಣ ಬಾ ಅಂದೆ. ಬೇಡ, ಗುರುವಾರ ನರ್ಸಮ್ಮನೇ ಬಾ ಅಂದಿದಾರಲ್ಲ, ಅಷ್ಟರಲ್ಲಿ ಚೆನ್ನಾಗಿ ಕಲ್ತ್ಕೊಂತೀನಿ, ಈ ಸಲ ಯಾರೂ ನಗಬಾರ್ದು ಅಂದ್ಳು." ಬಚ್ಚಮ್ಮ ಮಗುವಿನ ತಲೆಯ ಮೇಲೆ ಸೆರಗು ಸರಿಮಾಡಿದಳು. ಆಮೇಲೆ ಕಾರ್ಡಿನ ಕಡೆ ನೋಡಿದಳು. "ಏನ್ ಬರೀತಾ ಇದೀರಾ ಅವ್ಳ ಹಾಳೇಲಿ?"

ಹೇಳದೆ ಇರಬಹುದಿತ್ತು. ಏನಿಲ್ಲ, ತೂಕ ಎನ್ನಬಹುದಿತ್ತು. "ತಲೆ ಸುತ್ತು ಅಂತ" ಎಂದಳು ಸುನಂದ.

ಬಚ್ಚಮ್ಮನ ಮುಖ ಬದಲಾಯಿತು. ಒಂದೂವರೆ ತಿಂಗಳಲ್ಲಿ ಆ ಮುಖದಲ್ಲಿ ಇಂಥದ್ದೊಂದು ಬೆಳಕು ಬಂದಿರಲಾರದು. ಸ್ಟೂಲಿನಲ್ಲಿ ಮುಂದಕ್ಕೆ ಸರಿದು ಕೇಳಿದಳು: "ಹೇಳಿದ್ಳಾ ಮತ್ತೆ? ಕನ್ನಡದಲ್ಲಿ ಹೇಳಿದ್ಳಾ ನಿಮ್ಗೆ? ದಾರೀಲಿ ಗೀರೀಲಿ ಸಿಕ್ಕಿ ಹೇಳಿದ್ಳಾ?"

ಬೆಂಚಿನವರು ತಿರುಗಿ ನೋಡಿದರು. ಹೂಂ ಎಂದುಬಿಟ್ಟರೆ ಈ ಹೆಂಗಸಿಗೆ ಸಮಾಧಾನ, ಕಾರ್ಡಿಗೂ ಸಮಾಧಾನ, ಮೇಡಂಗೂ ಸಮಾಧಾನ. ಹೂಂ ಎನ್ನಲು ಸುನಂದ ಬಾಯಿ ತೆರೆದಳು. ಒಂಬತ್ತು ವರ್ಷ ಆ ಕೋಣೆಯಲ್ಲಿ ಅವಳ ಬಾಯಿಂದ ಬಾರದ ಮಾತು ಬಂತು, ಅವಳ ಅಮ್ಮನ ಎಳೆತದಲ್ಲೇ ಬಂತು.

"ಕನ್ನಡಲೋ ಕಾದಮ್ಮಾ. ತೆಲುಗುಲೋನೇ ಚೆಪ್ಪಿಂದಿ. ನಾಕು ಅರ್ಥಮಯ್ಯಿಂದಿ."

ಕನ್ನಡದಲ್ಲಲ್ಲ, ತೆಲುಗಿನಲ್ಲೇ ಹೇಳಿದಳು, ನನಗೆ ಅರ್ಥವಾಗಿತ್ತು. ಅಂಜಮ್ಮ ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದಳು, ಹಾಗೇ ನಿಂತಳು. ಬೆಂಚಿನಲ್ಲಿ ಯಾರೂ ನಗಲಿಲ್ಲ. ಇವಳ ಎದುರಿಗೆ ತಾವು ಇಷ್ಟು ವರ್ಷ ಏನೇನು ಆಡಿದ್ದೆವು ಎಂದು ಒಬ್ಬೊಬ್ಬರೂ ಲೆಕ್ಕ ಹಾಕುತ್ತಿದ್ದಿರಬೇಕು. ಬಚ್ಚಮ್ಮ ಸುನಂದಳ ಕಣ್ಣನ್ನು ನೋಡಲಿಲ್ಲ, ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ, ನೀವು ಎನ್ನುವುದನ್ನು ಬಿಟ್ಟು, ಮನೆಯ ಹೆಂಗಸನ್ನು ಗದರುವ ದನಿಯಲ್ಲಿ, ತೆಲುಗಿನಲ್ಲಿ ಕೇಳಿದಳು.

"ಎಪ್ಪಟಿನಿಂಚೇ ವಸ್ತುಂದಿ ನೀಕು?" ಯಾವಾಗಿನಿಂದ ಬರುತ್ತದೆ ನಿನಗೆ ಎಂದು.

"ಪುಟ್ಟಿನಪ್ಪಟಿನಿಂಚಿ" ಎಂದಳು ಸುನಂದ. ಹುಟ್ಟಿದಾಗಿನಿಂದ.

ಬಚ್ಚಮ್ಮ ಕೈ ಚಾಚಿದಳು. ಸುನಂದ ಪೆನ್ನಿನ ಮುಚ್ಚಳ ಹಾಕಿ ಕಾರ್ಡನ್ನು ಅವಳ ಕೈಗೆ ಕೊಟ್ಟಳು. ಅದರಲ್ಲಿ 110/70 ಇತ್ತು, ಪಕ್ಕದಲ್ಲಿ ತಲೆ ಸುತ್ತು ಎಂದು ಇತ್ತು, ಅದರ ಮುಂದೆ ಏನೂ ಇರಲಿಲ್ಲ. ಶನಿವಾರ ಓದುವವರಿಗೆ ತಪ್ಪು ಯಾರದೆಂದು ತಿಳಿಯಲು ಅಷ್ಟು ಸಾಕು. ಬಚ್ಚಮ್ಮ ಅದನ್ನು ರವಿಕೆ ಬಟ್ಟೆಯಲ್ಲಿ ಸುತ್ತಿದಳು, ಬಟ್ಟೆಯನ್ನು ಚೀಲದಲ್ಲಿಟ್ಟಳು, ಆ ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟಳು, ಮಗುವನ್ನು ಎತ್ತಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, ತಿರುಗದೆ, ಜ್ವರ ಬಂದರೆ ಏನು ಕೊಡಬೇಕು ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು.